ವಿಲ್ಮಾಳ ಹೆಸರಿದ್ದ ಪಾತ್ರೆ

ಗುರುವಾರ ಮಗನನ್ನು ಹೂಳುವಾಗ ತನ್ನ ಜೊತೆ ನಿಲ್ಲಲು ಒಬ್ಬರಾದರೂ ಸಿಗಬೇಕೆಂದು ಗ್ಲೆಂಡಾ ಹಾರ್ಪ್ ಸೋಮವಾರ ಬೆಳಿಗ್ಗೆ ತಂಗಿಗೆ ಫೋನ್ ಮಾಡಿದಳು.

"ನಾನು ಬಂದ್ರೆ ಯಾರಾದ್ರೂ ಫೋಟೋ ಹೊಡೀತಾರೆ ಗ್ಲೆಂಡಾ," ಎಂದಳು ರೋಂಡಾ. "ಇಲ್ಲಿ ನಾನು ಸ್ಕೂಲ್ ಬಸ್ ಓಡಿಸೋಳು. ಅವನ ಚಿಕ್ಕಮ್ಮ ಅಂತ ಗೊತ್ತಾದ್ರೆ ನನ್ನ ಬಸ್ಸಿಗೆ ಯಾರು ತಾನೇ ಮಕ್ಕಳನ್ನ ಹತ್ತಿಸ್ತಾರೆ?"

"ನೀನು ಎತ್ತಿ ಆಡಿಸಿದ ಮಗು ಅವನು."

"ಸತ್ತ ಅಲ್ವಾ ಅವನು? ನಾನಿನ್ನೂ ಬದುಕಬೇಕು." ಆ ಕಡೆ ಬಸ್ಸಿನ ಬಾಗಿಲು ಮುಚ್ಚಿದ ಸದ್ದಾಯಿತು. "ಹೂವು ಕಳಿಸ್ತೀನಿ ಬೇಕಾದ್ರೆ. ನನ್ನ ಹೆಸರು ಹಾಕ್ಸಲ್ಲ."

ಬೆಲ್ ಕ್ರೀಕ್ ಎಂಬ ಆ ಊರಿನ ಒಂದೇ ಒಂದು ದಿನಸಿ ಮಳಿಗೆಗೆ ಹಿಂದಿನ ತಿಂಗಳ ಕೊನೆಯ ಶನಿವಾರ ಗ್ಲೆಂಡಾಳ ಮಗ ಟ್ರೆವರ್ ರೈಫಲ್ ಹಿಡಿದು ಹೋಗಿದ್ದ. ಏಳು ಜನರನ್ನು ಕೊಂದು, ಕೊನೆಗೆ ತರಕಾರಿ ಸಾಲಿನ ಹತ್ತಿರ ತನಗೂ ಹೊಡೆದುಕೊಂಡಿದ್ದ. ಇಪ್ಪತ್ತು ವರ್ಷದ ಹುಡುಗ. ಏಕೆ ಮಾಡಿದನೆಂದು ಪೊಲೀಸರು ಗ್ಲೆಂಡಾಳನ್ನು ಕೇಳಿದರು, ಪತ್ರಿಕೆಯವರು ಕೇಳಿದರು, ಪಾದ್ರಿ ಗೇಲಾರ್ಡ್ ಕೇಳಿದರು. ಅವಳಿಗೆ ಗೊತ್ತಿದ್ದದ್ದು ಇಷ್ಟೇ: ಆ ಬೆಳಿಗ್ಗೆ ಅವನು ಎರಡು ಮೊಟ್ಟೆ ತಿಂದು, ತಟ್ಟೆ ತೊಳೆದಿಟ್ಟು ಹೋಗಿದ್ದ.

ಹಂತಕನ ಹೆಸರು ಹೇಳಿ ಅವನನ್ನು ದೊಡ್ಡವನನ್ನಾಗಿ ಮಾಡುವುದಿಲ್ಲ ಎಂದು ಟಿವಿಯವರು ತೀರ್ಮಾನಿಸಿದ್ದರು. ಹಾಗಾಗಿ ಹೆಸರಿನ ಬದಲು ಗ್ಲೆಂಡಾಳ ಮನೆಯನ್ನು ತೋರಿಸುತ್ತಿದ್ದರು. ಚರ್ಚಿನ ಗಂಟೆ ಏಳು ಸಲ ಹೊಡೆಯಿತು. ಮಳಿಗೆಯ ಮುಂದೆ ಏಳು ಬಿಳಿ ಶಿಲುಬೆಗಳನ್ನು ನೆಟ್ಟರು. ಎಂಟನೆಯ ಹೆಣ ಜಿಲ್ಲೆಯ ಶವಾಗಾರದಲ್ಲಿ ಉಳಿಯಿತು. ಊರಿನ ಸ್ಮಶಾನದ ಸಮಿತಿ ಅವನನ್ನು ಅಪ್ಪನ ಪಕ್ಕ ಹೂಳಲು ಒಪ್ಪಲಿಲ್ಲ. ಕೊನೆಗೆ ಪಕ್ಕದ ಜಿಲ್ಲೆಯವನೊಬ್ಬ, ಟರ್ನರ್ ರಸ್ತೆಯಲ್ಲಿ ಅನಾಥರನ್ನು ಹೂಳುವ ಹಳೇ ಸ್ಮಶಾನದಲ್ಲಿ ಜಾಗ ಕೊಟ್ಟ. ಗುರುವಾರ, ಬೆಳಕು ಹರಿದ ಕೂಡಲೇ. ಕಲ್ಲು ನೆಡುವಂತಿಲ್ಲ, ಯಾರಿಗೂ ತಿಳಿಸುವಂತಿಲ್ಲ.

"ನಿಮ್ಮ ಜೊತೆ ಯಾರು ಬರ್ತಾರಮ್ಮ?" ಎಂದು ಅವನು ಕೇಳಿದ್ದ.

"ಬರ್ತಾರೆ," ಎಂದಿದ್ದಳು ಗ್ಲೆಂಡಾ. ಆಮೇಲೆ ಪಾದ್ರಿ ಗೇಲಾರ್ಡರನ್ನು ಕೇಳಿದಳು. ಅವರು ಬಹಳ ಮೃದುವಾಗಿ, ತಾನು ಏಳು ಕುಟುಂಬಗಳ ಪಾದ್ರಿಯೂ ಹೌದಲ್ಲವೇ ಎಂದರು. ಮತ್ತೆ ಉಳಿದಿದ್ದವಳು ರೋಂಡಾ ಒಬ್ಬಳೇ.

ಫೋನ್ ಇಟ್ಟು, ಕಸದ ಚೀಲ ಹೊರಗಿಡಲು ಬಾಗಿಲು ತೆರೆದಾಗ ಹೊಸ್ತಿಲ ಆಚೆ ಆ ಪಾತ್ರೆ ಇತ್ತು.

ಅಗಲವಾದ ಗಾಜಿನ ಪಾತ್ರೆ, ಮೇಲೆ ಫಾಯಿಲ್ ಹೊದಿಸಿತ್ತು. ಗ್ಲೆಂಡಾ ಮೊದಲು ಒಂದು ಹೆಜ್ಜೆ ಹಿಂದೆ ಸರಿದಳು. ಹಿಂದಿನ ವಾರ ಇದೇ ಜಾಗದಲ್ಲಿ ಯಾರೋ ನಾಯಿಯ ಹೇಲನ್ನು ಉಡುಗೊರೆಯ ಡಬ್ಬಿಯಲ್ಲಿ ಇಟ್ಟು ಹೋಗಿದ್ದರು. ಆದರೆ ಇದರಿಂದ ಕೋಳಿಯ, ಬೆಣ್ಣೆಯ ವಾಸನೆ ಬರುತ್ತಿತ್ತು. ತಳ ಮುಟ್ಟಿದರೆ ಇನ್ನೂ ಬಿಸಿ.

ಬೆಲ್ ಕ್ರೀಕಿನಲ್ಲಿ ಒಂದು ಮನೆಯಲ್ಲಿ ಸಾವಾದರೆ ಆ ಮನೆಯ ಒಲೆ ವಾರಗಟ್ಟಲೆ ಹೊತ್ತಿಸಬೇಕಾಗಿರಲಿಲ್ಲ. ಹೆಣ ಬರುವ ಮೊದಲೇ ಊಟ ಬರುತ್ತಿತ್ತು: ನೂಡಲ್ಸ್, ಬೀನ್ಸ್, ಹಂದಿಮಾಂಸ, ಎಲ್ಲವೂ ಇಂಥದೇ ಗಾಜಿನ ಪಾತ್ರೆಗಳಲ್ಲಿ. ತಂದವರು ಹೆಚ್ಚು ಮಾತಾಡುತ್ತಿರಲಿಲ್ಲ, ಪಾತ್ರೆ ಕೊಟ್ಟು ಹೋಗುತ್ತಿದ್ದರು. ಪಾತ್ರೆಯ ತಳದಲ್ಲಿ ಕಾಗದದ ಟೇಪು, ಅದರ ಮೇಲೆ ಪೆನ್ನಿನಲ್ಲಿ ಬರೆದ ಹೆಸರು. ಮನೆಯವರು ಚೇತರಿಸಿಕೊಂಡ ಮೇಲೆ ತಳ ನೋಡಿ ಹಿಂದಿರುಗಿಸಬೇಕು, ಮತ್ತು ಬರಿದಾಗಿ ಹಿಂದಿರುಗಿಸಬಾರದು. ಗಂಡ ರಾಯ್ ತೀರಿಹೋದಾಗ ಗ್ಲೆಂಡಾಳ ಫ್ರಿಜ್ ಮುಚ್ಚಲಾಗದಷ್ಟು ತುಂಬಿತ್ತು. ಟ್ರೆವರ್ ಸತ್ತ ಮೇಲೆ ಒಂದು ಪಾತ್ರೆಯೂ ಬಂದಿರಲಿಲ್ಲ. ಬರಬೇಕೆಂದು ಅವಳು ಅಂದುಕೊಂಡಿರಲೂ ಇಲ್ಲ.

ಅಡುಗೆಮನೆಯಲ್ಲಿ ಪಾತ್ರೆಯನ್ನು ಎರಡೂ ಕೈಯಲ್ಲಿ ತಲೆಯ ಮೇಲಕ್ಕೆ ಎತ್ತಿ ತಳ ನೋಡಿದಳು. ಮಾಸಿದ ಟೇಪು, ನೀಲಿ ಶಾಯಿ: ವಿಲ್ಮಾ ಕ್ರೌಸ್.

ಅವಳು ಪಾತ್ರೆಯನ್ನು ಮೇಜಿನ ಮೇಲಿಟ್ಟು ನೆಲದ ಮೇಲೆ ಕೂತುಬಿಟ್ಟಳು.

ವಿಲ್ಮಾಳ ಮೊಮ್ಮಗಳು ಕೆಲ್ಸಿ ಆ ಮಳಿಗೆಯಲ್ಲಿ ಬಿಲ್ ಹಾಕುತ್ತಿದ್ದ ಹುಡುಗಿ. ಟ್ರೆವರ್ ಮೊದಲು ಕೊಂದದ್ದು ಅವಳನ್ನೇ. ವಿಲ್ಮಾ ಮತ್ತು ಗ್ಲೆಂಡಾ ಶಾಲೆಯ ಅಡುಗೆಮನೆಯಲ್ಲಿ ಹನ್ನೆರಡು ವರ್ಷ ಅಕ್ಕಪಕ್ಕ ನಿಂತು ಕೆಲಸ ಮಾಡಿದವರು. ಗ್ಲೆಂಡಾಳಿಗಿಂತ ಹದಿನೈದು ವರ್ಷ ದೊಡ್ಡವಳಾದ ವಿಲ್ಮಾ ಅವಳಿಗೆ ಹಿಟ್ಟು ನಾದುವುದನ್ನು ಕಲಿಸಿದ್ದಳು, ಬಯ್ಯುವುದನ್ನೂ ಕಲಿಸಿದ್ದಳು.

ಗ್ಲೆಂಡಾ ನಿಂತುಕೊಂಡೇ, ಚಮಚದಲ್ಲಿ ಪಾತ್ರೆಯಿಂದಲೇ ಕೋಳಿ ನೂಡಲ್ಸ್ ತಿಂದಳು. ಎಷ್ಟೋ ದಿನಗಳ ಮೇಲೆ ತಿಂದ ಮೊದಲ ಬಿಸಿ ಊಟ. ಮೆಣಸು ಹೆಚ್ಚಾಗಿತ್ತು. ವಿಲ್ಮಾ ಎಂದೂ ಇಷ್ಟು ಮೆಣಸು ಹಾಕುವವಳಲ್ಲ. ಮೇಲೆ ಉಪ್ಪು ಬಿಸ್ಕತ್ತಿನ ಪುಡಿ ಉದುರಿಸುವ ಅಭ್ಯಾಸವೂ ಅವಳಿಗಿತ್ತು, ಇಲ್ಲಿ ಅದಿರಲಿಲ್ಲ. ದುಃಖದಲ್ಲಿ ಕೈ ತಪ್ಪಿದೆ ಪಾಪ, ಎಂದುಕೊಂಡಳು ಗ್ಲೆಂಡಾ. ಪಾತ್ರೆ ಎರಡು ದಿನದ ಊಟಕ್ಕಾಗುವಷ್ಟಿತ್ತು. ಅವಳು ಸಂಜೆಯೊಳಗೆ ಮುಗಿಸಿದಳು.

ಮಂಗಳವಾರ ಡಬ್ಬಿಯಲ್ಲಿದ್ದ ಪೀಚ್ ಹಣ್ಣು ತೆಗೆದು, ಸಕ್ಕರೆ ಬೆಣ್ಣೆ ಹಾಕಿ, ಮೇಲೆ ಹಿಟ್ಟಿನ ಹೊದಿಕೆ ಮಾಡಿ, ಅದೇ ಪಾತ್ರೆಯಲ್ಲಿ ಒವನ್ನಿನಲ್ಲಿಟ್ಟು ಬೇಯಿಸಿದಳು. ವಿಲ್ಮಾಳಿಗೆ ಪೀಚ್ ಇಷ್ಟ. ಬೇಯುತ್ತಿರುವಾಗ ಹೇಳಬೇಕಾದ ಮಾತನ್ನು ಗೋಡೆಗೆ ಹೇಳಿ ಹೇಳಿ ಅಭ್ಯಾಸ ಮಾಡಿದಳು. ಪಕ್ಕದಲ್ಲಿ ನಿಂತರೆ ಸಾಕು. ಮಾತಾಡುವುದೇನೂ ಬೇಡ.

ವಿಲ್ಮಾಳ ಮನೆಗೆ ಹೋಗುವ ದಾರಿ ಡೆಲ್ ಟಕರನ ಬಂದೂಕಿನ ಅಂಗಡಿಯ ಮುಂದೆ ಹಾಯುತ್ತದೆ. ಅಂಗಡಿಯಿಂದ ಬೀದಿಯ ತಿರುವಿನವರೆಗೆ ಜನ ಸಾಲು ನಿಂತಿದ್ದರು. ಇನ್ನು ಬಂದೂಕು ಮಾರುವುದನ್ನು ಸರ್ಕಾರ ನಿಲ್ಲಿಸುತ್ತದಂತೆ ಎಂದು ರೇಡಿಯೋದಲ್ಲಿ ಯಾರೋ ಹೇಳಿದ ದಿನದಿಂದ ಹೀಗೇ. ಅನೇಕರು ಎದೆಯ ಮೇಲೆ "ಬೆಲ್ ಕ್ರೀಕ್ ಬಗ್ಗುವುದಿಲ್ಲ" ಎಂದು ಅಚ್ಚಾಗಿದ್ದ ಹೊಸ ಅಂಗಿ ಹಾಕಿದ್ದರು. ಸಿಗ್ನಲ್ಲಿನ ಕೆಂಪು ದೀಪಕ್ಕೆ ಗ್ಲೆಂಡಾ ಕಾರು ನಿಲ್ಲಿಸಿದಾಗ ಡೆಲ್ ಅಂಗಡಿಯ ಬಾಗಿಲು ಬಿಟ್ಟು ಬಂದು ಕಿಟಕಿಗೆ ಬಾಗಿದ.

"ಎಲ್ಲಿಗೆ ಸವಾರಿ? ಟಿವಿಯೋರ ಹತ್ರಾನಾ?"

"ಅಲ್ಲ ಡೆಲ್."

"ಕೇಳ್ತಾರೆ ನಿನ್ನ. ಬಂದೂಕಿನ ಬೀರುವಿನ ಕೀಲಿ ಎಲ್ಲಿಟ್ಟಿದ್ದೆ ಅಂತ ಮೊದಲು ಅದನ್ನೇ ಕೇಳ್ತಾರೆ."

ಆ ಶನಿವಾರದವರೆಗೂ ಕೀಲಿ ಅಡುಗೆಮನೆಯ ಬಾಗಿಲ ಪಕ್ಕದ ಮೊಳೆಗೆ ನೇತಾಡುತ್ತಿತ್ತು. ರಾಯ್ ಬದುಕಿದ್ದಾಗಿನಿಂದಲೂ ಅಲ್ಲೇ. "ನಿಂದೆಲ್ಲಿದೆ ಡೆಲ್?" ಎಂದಳು ಗ್ಲೆಂಡಾ.

ಸಾಲಿನಲ್ಲಿದ್ದ ಒಬ್ಬ ನಕ್ಕ. ಡೆಲ್ ನಗಲಿಲ್ಲ. "ನೋಡು, ನೀನು ಅಲ್ಲಿ ಕೂತ್ಕೊಂಡು ಅಳ್ತಾ ಏನಾದ್ರೂ ಒದರಿದೆ ಅನ್ಕೋ, ಅದನ್ನ ಹಿಡ್ಕೊಂಡು ರಾಜಧಾನಿಯೋರು ನಮ್ಮ ಮನೆಗಳಿಗೆ ನುಗ್ತಾರೆ. ನಿನ್ನ ಮಗ ಮಾಡಿದ್ದು ಸಾಲದಾ? ನೀನು ಬಾಯಿ ಮುಚ್ಕೊಂಡಿದ್ರೆ ಅದೇ ಈ ಊರಿಗೆ ನೀನು ಮಾಡೋ ಉಪಕಾರ."

"ಅದೇನದು ವಾಸನೆ?" ಎಂದು ಹಿಂದಿದ್ದವನು ಕೂಗಿದ. "ಸತ್ತೋರ ಮನೆಗೆ ಸಿಹಿ ಹಂಚೋಕೆ ಹೊರಟಳೇನೋ!"

ದೀಪ ಹಸಿರಾಯಿತು. ರಾಜಧಾನಿಯವರೂ ಅವಳ ಮನೆಗೆ ಬಂದಿದ್ದರು, ಡೆಲ್‌ಗೆ ಅದು ಗೊತ್ತಿರಲಿಲ್ಲ. ಬಂದೂಕಿಗೆ ಕಡಿವಾಣ ಬೇಕೆನ್ನುವ ಸಂಘದ ಹೆಂಗಸೊಬ್ಬಳು ಗ್ಲೆಂಡಾಳ ಕೈ ಹಿಡಿದು, ನಿಮ್ಮ ಮಾತಿಗೆ ಬಹಳ ತೂಕವಿದೆ ಎಂದಿದ್ದಳು. ಶನಿವಾರದ ಸಭೆಗೆ ಬರಲೇ ಎಂದು ಗ್ಲೆಂಡಾ ಕೇಳಿದಾಗ ಕೈ ಬಿಟ್ಟು, ಅಲ್ಲಿ ಸತ್ತವರ ಕುಟುಂಬದವರೆಲ್ಲ ಇರುತ್ತಾರಲ್ಲ, ನೀವು ಒಂದು ಹೇಳಿಕೆ ಬರೆದುಕೊಟ್ಟರೆ ಸಾಕು, ಎಂದಿದ್ದಳು.

ವಿಲ್ಮಾಳ ಮನೆಯ ಮುಂದೆ ಹಲವು ಕಾರುಗಳಿದ್ದವು. ಗ್ಲೆಂಡಾ ಮೆಟ್ಟಿಲು ಹತ್ತಿ ಗಂಟೆ ಒತ್ತಿದಳು. ತನ್ನ ಹಿಂದೆಯೇ ಒಂದು ಬಿಳಿ ವ್ಯಾನು ಬಂದು ನಿಂತದ್ದನ್ನು ನೋಡಲಿಲ್ಲ.

ಬಾಗಿಲು ತೆರೆದವಳು ವಿಲ್ಮಾಳೇ. ಮುಖ ಒಣಗಿತ್ತು. ಗ್ಲೆಂಡಾ ಪಾತ್ರೆ ಚಾಚಿದಳು. ವಿಲ್ಮಾ ಅದನ್ನು ತೆಗೆದುಕೊಂಡಳು. ಆ ಊರಿನಲ್ಲಿ ಬಿಸಿ ಪಾತ್ರೆ ಚಾಚಿದರೆ ಕೈಗಳು ತಾವಾಗಿಯೇ ಮುಂದೆ ಬರುತ್ತವೆ. ಅಷ್ಟೂ ದಿನ ವಿಲ್ಮಾಳ ಕೈಗಳು ಅದನ್ನೇ ಮಾಡಿದ್ದವು. ಒಂದು ಕ್ಷಣ ಇಬ್ಬರೂ ಒಂದೇ ಪಾತ್ರೆಯ ಎರಡು ಬದಿ ಹಿಡಿದು ನಿಂತಿದ್ದರು.

"ಪೂರ್ತಿ ತಿಂದೆ ವಿಲ್ಮಾ," ಎಂದಳು ಗ್ಲೆಂಡಾ. "ನೀವು ನನ್ನ ನೆನೆಸ್ಕೊಂಡ್ರಲ್ಲ. ನಂಗೆ ಕೇಳೋ ಯೋಗ್ಯತೆ ಇಲ್ಲ, ಆದ್ರೂ ಕೇಳ್ತೀನಿ. ಗುರುವಾರ ಬೆಳಕು ಹರಿದ ಕೂಡಲೇ, ಟರ್ನರ್ ರಸ್ತೆ ಸ್ಮಶಾನ. ಪಕ್ಕದಲ್ಲಿ ನಿಂತ್ರೆ ಸಾಕು. ಮಾತಾಡೋದೇನೂ..."

"ಏನು ತಿಂದೆ?"

"ನೀವು ಕಳಿಸಿದ ನೂಡಲ್ಸು."

ವಿಲ್ಮಾ ಪಾತ್ರೆಯನ್ನು ನೋಡಿದಳು. ಓರೆಯಾಗಿಸಿ ತಳ ನೋಡಿದಳು. ಹಣ್ಣಿನ ರಸ ಅಂಚಿನಿಂದ ಅವಳ ಚಪ್ಪಲಿಯ ಮೇಲೆ ಸುರಿಯಿತು.

"ಇದನ್ನ ಹೋದ ವರ್ಷವೇ ಚರ್ಚಿನ ಹಳೇ ಸಾಮಾನಿನ ಅಂಗಡಿಗೆ ಕೊಟ್ಟಿದೀನಿ. ನಿಂಗೆಲ್ಲಿ ಸಿಕ್ತು?"

"ನನ್ನ ಬಾಗಿಲಲ್ಲಿ..."

"ನಾನು? ನಿಂಗೆ?" ವಿಲ್ಮಾಳ ದನಿ ಏರಲಿಲ್ಲ, ಇಳಿಯಿತು. "ಕೆಲ್ಸಿ ಮುಖ ನೋಡೋಕೆ ಬಿಡಲಿಲ್ಲ ನಮ್ಮನ್ನ. ನೋಡೋ ಹಾಗಿಲ್ಲ ಅಂತ ಪೆಟ್ಟಿಗೆ ಮುಚ್ಚೇ ಕೊಟ್ರು. ನಾನು ಎದ್ದು ಹೋಗಿ ನಿಂಗೆ ನೂಡಲ್ಸ್ ಬೇಯಿಸ್ತೀನಾ? ತಿಂದ್ಯಾ? ಹೊಟ್ಟೆಗೆ ಇಳೀತಾ ಅದು?"

ಒಳಗಿನಿಂದ ಕೆಲ್ಸಿಯ ಅಪ್ಪ ಕ್ರೇಗ್ ಬಂದ. ಬಂದವನು ತಾಯಿಯ ಕೈಯಲ್ಲಿದ್ದ ಪಾತ್ರೆಗೆ ಒಂದು ಹೊಡೆತ ಹೊಡೆದ. ಅದು ಹಾರಿ ಹುಲ್ಲಿನ ಮೇಲೆ ಬಿತ್ತು. ಹಣ್ಣೆಲ್ಲ ಚೆಲ್ಲಿತು, ಗಾಜು ಒಡೆಯಲಿಲ್ಲ.

"ಯಾರು ಕಳಿಸಿದ್ದು ಇವಳನ್ನ?" ಎಂದ ಅವನು. ಗ್ಲೆಂಡಾಳನ್ನಲ್ಲ, ಬೀದಿಯಲ್ಲಿ ನಿಂತವರನ್ನು ನೋಡಿ ಕೇಳಿದ.

ಬೀದಿಯಲ್ಲಿ ಕ್ಯಾಮೆರಾ ಹಿಡಿದ ಒಬ್ಬ, ಅವನ ಪಕ್ಕದಲ್ಲಿ ಮೆರಿಡಿತ್ ಲೋವ್ ಎಂಬ ಹೆಂಗಸು. ಪೂರ್ವದ ದೊಡ್ಡ ಊರಿನ ಟಿವಿಯ ಬೆಳಗಿನ ಕಾರ್ಯಕ್ರಮಕ್ಕೆ ಜನರನ್ನು ಒಪ್ಪಿಸಿ ಕರೆತರುವುದು ಅವಳ ಕೆಲಸ. ಗ್ಲೆಂಡಾಳಿಗೆ ಎಷ್ಟೋ ಸಲ ಫೋನ್ ಮಾಡಿದ್ದಳು.

"ಪಾತ್ರೆ ನಾನಿಟ್ಟಿದ್ದು," ಎಂದಳು ಮೆರಿಡಿತ್, ಹತ್ತಿರ ಬಂದು. ನಿಜವಾಗಿ ಗಾಬರಿಯಾಗಿದ್ದಳು. "ಊಟ ಹೆದ್ದಾರಿ ಹೋಟೆಲಿಂದು. ಪ್ಲಾಸ್ಟಿಕ್ ಡಬ್ಬೀಲಿ ಕೊಟ್ರೆ ಚೆನ್ನಾಗಿರಲ್ಲ ಅಂತ ಚರ್ಚಿನ ಅಂಗಡೀಲಿ ಪಾತ್ರೆ ಕೊಂಡೆ. ಫಾಯಿಲ್ ಮೇಲೆ ನನ್ನ ಕಾರ್ಡ್ ಸಿಕ್ಸಿದ್ನಲ್ಲ ಗ್ಲೆಂಡಾ, ನೀವು ನೋಡ್ಲಿಲ್ವಾ? ಗಾಳಿಗೆ ಹಾರಿ ಹೋಯ್ತೋ ಏನೋ. ಪಾತ್ರೆ ತಳ ಯಾರ್ರೀ ನೋಡ್ತಾರೆ?"

ಮೆಟ್ಟಿಲ ಮೇಲಿದ್ದ ಮೂವರೂ ಅವಳನ್ನು ನೋಡಿದರು. ಆ ಊರಿನಲ್ಲಿ ತಳ ನೋಡದವರು ಯಾರೂ ಇರಲಿಲ್ಲ.

ಬುಧವಾರ ಬೆಳಿಗ್ಗೆ ಗ್ಲೆಂಡಾ ಟಿವಿ ಹಾಕಿದಳು. ತೋರಿಸಿದ್ದು ಆ ಒಂದು ಕ್ಷಣವನ್ನಷ್ಟೇ: ಬಾಗಿಲು ತೆರೆಯುತ್ತದೆ, ಒಬ್ಬಳು ಪಾತ್ರೆ ಚಾಚುತ್ತಾಳೆ, ಇನ್ನೊಬ್ಬಳು ತೆಗೆದುಕೊಳ್ಳುತ್ತಾಳೆ. ಅಲ್ಲಿಗೆ ಚಿತ್ರ ನಿಲ್ಲುತ್ತದೆ. ಮಾತು ಕೇಳಿಸದಂತೆ ಪಿಯಾನೋ ಹಾಕಿದ್ದರು. ಸ್ಟುಡಿಯೋದಲ್ಲಿದ್ದ ಗಂಡಸು ಕಣ್ಣೊರೆಸಿಕೊಂಡು, ಈ ದೇಶಕ್ಕೆ ಇವತ್ತು ಬೇಕಾಗಿರುವುದು ಇದೇ ಎಂದ. ಆಮೇಲೆ ಕಾನೂನು ಬೇಕೋ ಕ್ಷಮೆ ಬೇಕೋ ಎಂದು ನಾಲ್ವರನ್ನು ಕೂರಿಸಿ ಚರ್ಚೆ ಮಾಡಿಸಿದರು. ಬಂದೂಕು ಬೇಕೆನ್ನುವವನು ಆ ಪಾತ್ರೆಯನ್ನು ತೋರಿಸಿ, ನೋಡಿ, ಹೃದಯ ಸರಿಯಿದ್ದರೆ ಕಾನೂನು ಯಾಕೆ, ಎಂದ. ಬೇಡವೆನ್ನುವವಳು ಅದೇ ಪಾತ್ರೆಯನ್ನು ತೋರಿಸಿ, ಈ ಅಜ್ಜಿಗಾಗಿಯಾದರೂ ಕಾನೂನು ತನ್ನಿ, ಎಂದಳು.

ಮಧ್ಯಾಹ್ನದ ಹೊತ್ತಿಗೆ ಮಾತು ತಿರುಗಿತು. ಹಂತಕನ ತಾಯಿಗೆ ಅಡುಗೆ ಮಾಡಿ ಹಾಕುವ ಇವಳೆಂಥ ಅಜ್ಜಿ ಎಂದು ಯಾರೋ ಬರೆದರು. ಲಕ್ಷಗಟ್ಟಲೆ ಜನ ಅದಕ್ಕೆ ಹೌದು ಹೌದೆಂದರು. ಅಲ್ಲಿ ಯಾರೂ ಸತ್ತೇ ಇಲ್ಲ, ಇಬ್ಬರೂ ಕೂಲಿ ನಟಿಯರು, ಅಳುವುದಕ್ಕೂ ಬರುವುದಿಲ್ಲ ಎಂದು ಇನ್ನೊಬ್ಬ ಬರೆದ. ಸಂಜೆ ಸ್ಥಳೀಯ ಸುದ್ದಿಯಲ್ಲಿ ವಿಲ್ಮಾಳ ಮನೆ ತೋರಿಸಿದರು. ಗ್ಯಾರೇಜಿನ ಬಾಗಿಲ ಮೇಲೆ ಕೆಂಪು ಬಣ್ಣದಲ್ಲಿ "ಎಷ್ಟಕ್ಕೆ ಮಾರಿದೆ ಕೆಲ್ಸಿಯನ್ನು" ಎಂದು ಬರೆದಿತ್ತು. ಇಬ್ಬರು ಹೆಂಗಸರು ಮನೆಯೊಳಗಿಂದ ತಮ್ಮ ತಮ್ಮ ಗಾಜಿನ ಪಾತ್ರೆಗಳನ್ನು ಹೊತ್ತು ಹೊರಗೆ ಬರುತ್ತಿದ್ದರು. ಒಂದರಲ್ಲಿ ಊಟ ಇನ್ನೂ ಅರ್ಧ ಇತ್ತು. ಮೆಟ್ಟಿಲ ಮೇಲೆ ವಿಲ್ಮಾ ನಿಂತು ಏನೋ ಕೂಗುತ್ತಿದ್ದಳು. "ನಾನು ಕಳಿಸಿಲ್ಲ, ಆಣೆ ಮಾಡಿ ಹೇಳ್ತೀನಿ ಕಳಿಸಿಲ್ಲ..." ವರದಿಗಾರ ಅವಳ ಮಾತಿನ ಮೇಲೆ ತನ್ನ ಮಾತು ಹಾಕಿ ಹವಾಮಾನಕ್ಕೆ ಹೋದ.

ಗ್ಲೆಂಡಾ ಫೋನ್ ಎತ್ತಿ ವಿಲ್ಮಾಳ ನಂಬರ್ ಒತ್ತಲು ಹೋದಳು. ಅಷ್ಟರಲ್ಲಿ ಅದೇ ಬಡಿದುಕೊಂಡಿತು.

"ಗ್ಲೆಂಡಾ, ಜನ ಎಷ್ಟು ಮೆಚ್ಚಿದ್ದಾರೆ ಗೊತ್ತಾ?" ಎಂದಳು ಮೆರಿಡಿತ್. "ನಾಳೆ ಬೆಳಿಗ್ಗೆ ನೀವು ಒಬ್ರೇ ಹೋಗಬಾರದು. ನಾನು ಬರ್ತೀನಿ."

"ಅವಳು ಕಳಿಸಿಲ್ಲ ಅಂತ ಟಿವೀಲಿ ಹೇಳಿ."

"ಹೇಳೋಣ. ನಾಳೆ ನೀವೇ ಹೇಳಿ, ಅಲ್ಲೇ. ಅದೇ ಚೆನ್ನಾಗಿರುತ್ತೆ."

ಗ್ಲೆಂಡಾ ಮೊಳೆಯನ್ನು ನೋಡುತ್ತಾ ನಿಂತಳು. ಕೀಲಿಯನ್ನು ಪೊಲೀಸರು ಕೊಂಡೊಯ್ದಿದ್ದರು, ಮೊಳೆ ಮಾತ್ರ ಇತ್ತು. "ಕ್ಯಾಮೆರಾ ದೂರದಲ್ಲಿ ಇಡ್ತೀರಾ?" ಎಂದಳು ಕೊನೆಗೆ. "ನೀವು ಮಾತ್ರ ನನ್ನ ಪಕ್ಕ ನಿಲ್ಲಬೇಕು. ಮಣ್ಣು ಮುಚ್ಚೋವರೆಗೂ."

"ಖಂಡಿತ. ಮಾತು ಕೊಡ್ತೀನಿ."

ಕತ್ತಲಾಗುವ ಮೊದಲೇ ಟಿವಿಯ ಕೆಳಗೆ ಕೆಂಪು ಪಟ್ಟಿ ಓಡಲು ಶುರುವಾಯಿತು. ಬೇರೆ ರಾಜ್ಯ, ಒಂದು ಸಿನಿಮಾ ಮಂದಿರ, ಮತ್ತೆ ಗುಂಡು ಹಾರಿತ್ತು. ಮೊದಲು ಐವರು ಎಂದರು, ಆಮೇಲೆ ಒಂಬತ್ತು. ಗ್ಲೆಂಡಾ ಪರದೆ ಸರಿಸಿ ಬೀದಿ ನೋಡಿದಳು. ಟಿವಿ ವ್ಯಾನುಗಳ ಮೇಲಿನ ಡಿಶ್ ತಟ್ಟೆಗಳು ಒಂದೊಂದಾಗಿ ಮಡಚಿಕೊಂಡವು. ಹುಡುಗರು ತಂತಿ ಸುತ್ತಿ ಒಳಗೆಸೆದು, ಉಳಿದ ಕಾಫಿ ಚೆಲ್ಲಿ ಹೊರಟರು. ಸ್ವಲ್ಪ ಹೊತ್ತಿಗೆ ಅವಳ ಹುಲ್ಲಿನ ಮೇಲೆ ಚಕ್ರದ ಗುರುತುಗಳು ಬಿಟ್ಟು ಏನೂ ಇರಲಿಲ್ಲ. ಒಂಬತ್ತು ಏಳಕ್ಕಿಂತ ಹೆಚ್ಚು ಎಂಬ ಯೋಚನೆ ಅವಳಿಗೆ ಬಂತು. ಇನ್ನು ಟ್ರೆವರ್‌ನನ್ನು ಬಿಡುತ್ತಾರೆ ಎಂದೂ ಬಂತು. ತನಗೆ ನಿರಾಳವಾಯಿತೆಂದು ಗೊತ್ತಾದ ಕೂಡಲೇ ಅವಳು ಟಿವಿಯ ಪ್ಲಗ್ ಕಿತ್ತುಹಾಕಿದಳು.

ಗುರುವಾರ ಮಂಜಿತ್ತು. ಟರ್ನರ್ ರಸ್ತೆಯ ಸ್ಮಶಾನದಲ್ಲಿ ಗುಂಡಿ ತೋಡಿಟ್ಟು ಇಬ್ಬರು ಆಳುಗಳು ಕಾಯುತ್ತಿದ್ದರು. ಜಾಗ ಕೊಟ್ಟವನು ಕೈಗಡಿಯಾರ ನೋಡಿ, "ಬರ್ತಾರೆ ಅಂದಿದ್ರಿ," ಎಂದ.

"ಬರ್ತಾರೆ."

ಮೆರಿಡಿತ್ ಬರಲಿಲ್ಲ. ಕಾದರು. ಚಿಕ್ಕ ಆಳು ಫೋನ್ ನೋಡಿ, "ಆ ಸಿನಿಮಾದಲ್ಲಿ ಸತ್ತೋರು ಹನ್ನೊಂದಾಯ್ತಂತೆ ಕಣೋ," ಎಂದು ದೊಡ್ಡವನಿಗೆ ತೋರಿಸಿದ. ದೊಡ್ಡವನು ಗ್ಲೆಂಡಾಳ ಕಡೆ ನೋಡಿ ಅವನ ಕಾಲು ತುಳಿದ.

ಆಮೇಲೆ ಗೇಟಿನಲ್ಲಿ ಒಂದು ಹಳೇ ಪಿಕಪ್ ನಿಂತಿತು. ಇಳಿದು ಬಂದವಳು ವಿಲ್ಮಾ. ಭಾನುವಾರದ ಕಪ್ಪು ಕೋಟು ಹಾಕಿದ್ದಳು, ಕೈಯಲ್ಲಿ ಒಂದು ಕಾಗದದ ಚೀಲ. ಗ್ಲೆಂಡಾ ಬಾಯಿ ತೆರೆದಳು. ವಿಲ್ಮಾ ಮಾತಾಡಬೇಡ ಎನ್ನುವಂತೆ ಕೈ ಎತ್ತಿ, ಗುಂಡಿಯ ಅಂಚಿಗೆ ಬಂದು, ಅವಳ ಪಕ್ಕದಲ್ಲೇ ನಿಂತಳು. ಭುಜ ಭುಜಕ್ಕೆ ತಾಗುವಷ್ಟು ಹತ್ತಿರ. ಗುಂಡಿಯ ಒಳಗೆ ಕಾಣುವುದು ಅಲ್ಲಿಂದ ಮಾತ್ರ.

"ಶುರು ಮಾಡ್ರಪ್ಪ," ಎಂದಳು ಆಳುಗಳಿಗೆ.

ಪೆಟ್ಟಿಗೆ ಇಳಿಯಿತು. ಪ್ರಾರ್ಥನೆ ಹೇಳುವವರಿರಲಿಲ್ಲ. ಗ್ಲೆಂಡಾ ಒಳಗೆ ನೋಡಲು ಬಗ್ಗಿ ವಿಲ್ಮಾಳ ಕಡೆಗೆ ವಾಲಿದಳು. ವಿಲ್ಮಾ ಸರಿಯಲಿಲ್ಲ, ಹಿಡಿಯಲೂ ಇಲ್ಲ, ಗೋಡೆಯ ಹಾಗೆ ನಿಂತಿದ್ದಳು.

"ನೀವು ಬಂದ್ರಲ್ಲ," ಎಂದಳು ಗ್ಲೆಂಡಾ, ಅಳುತ್ತಾ.

"ಕೆಲ್ಸೀನ ಮುಚ್ಚಿದ ಪೆಟ್ಟಿಗೇಲಿ ಕೊಟ್ರು. ಒಳಗೆ ಯಾರಿದಾರೆ ಅಂತ ನಂಗೆ ಇವತ್ತಿಗೂ ಗೊತ್ತಿಲ್ಲ." ವಿಲ್ಮಾ ಕಣ್ಣು ಗುಂಡಿಯಿಂದ ಎತ್ತಲಿಲ್ಲ. "ಇವನ ಮೇಲೆ ಮಣ್ಣು ಬೀಳೋದನ್ನಾದ್ರೂ ನೋಡ್ತೀನಿ. ಪೂರ್ತಿ. ಬೇರೆ ಏನೂ ತಿಳ್ಕೋಬೇಡ."

ಆಳುಗಳು ಮಣ್ಣು ಎಳೆದರು. ಮೊದಲು ಮರದ ಮೇಲೆ ಬಿದ್ದ ಸದ್ದು, ಆಮೇಲೆ ಮಣ್ಣಿನ ಮೇಲೆ ಮಣ್ಣು ಬಿದ್ದ ಸದ್ದು. ಒಂದು ಕಡೆ ತಗ್ಗು ಉಳಿದದ್ದನ್ನು ವಿಲ್ಮಾ ಬೆರಳು ಮಾಡಿ ತೋರಿಸಿದಳು. ಅವರು ಅಲ್ಲಿಗೂ ಹಾಕಿ ಗುದ್ದಲಿಯ ಬೆನ್ನಿನಿಂದ ಬಡಿದರು.

ಆಗ ವಿಲ್ಮಾ ಚೀಲದಿಂದ ಅದೇ ಗಾಜಿನ ಪಾತ್ರೆ ತೆಗೆದು ಚಾಚಿದಳು. ತೊಳೆದು ಒರೆಸಿದ, ಬರಿದಾದ ಪಾತ್ರೆ.

ಗ್ಲೆಂಡಾಳ ಕೈಗಳು ತಾವಾಗಿಯೇ ಮುಂದೆ ಹೋಗಿ ಅದನ್ನು ತೆಗೆದುಕೊಂಡವು.

ವಿಲ್ಮಾ ಹಿಂದೆ ನೋಡದೆ ಗೇಟಿನ ಕಡೆ ನಡೆದಳು. ಪಿಕಪ್ ಸದ್ದು ಮಾಡುತ್ತಾ ಹೋಯಿತು. ಗ್ಲೆಂಡಾ ಪಾತ್ರೆಯನ್ನು ಎತ್ತಿ ತಳ ನೋಡಿದಳು. ಹೆಸರಿದ್ದ ಟೇಪನ್ನು ಚಾಕುವಿನಿಂದ ಕೆರೆದು ತೆಗೆದಿದ್ದರು. ಅಂಟು ಇದ್ದ ಜಾಗದಲ್ಲಿ ಅವಳ ಬೆರಳು ಸ್ವಲ್ಪ ಹೊತ್ತು ಅಂಟಿಕೊಂಡಿತು.